ಕೆಲಸದ ಹೊತ್ತು

ಮಗಳು ಮಡಿಚಿದ ಕಂಬಳಿಯೊಂದನ್ನು ಅಮ್ಮನ ಮೊಣಕಾಲುಗಳ ಕೆಳಗೆ ತುರುಕುತ್ತಿದ್ದಳು. ನಿನ್ನೆ ಕುರ್ಚಿಯಲ್ಲಿ ಕೂತ ಹಾಗೆಯೇ ಸೆಟೆದುಕೊಂಡ ಕಾಲುಗಳು ಎಷ್ಟು ನೀವಿದರೂ ಪೂರ್ತಿ ನೆಟ್ಟಗಾಗಿರಲಿಲ್ಲ. ಹೊದಿಸಿದ ಬಿಳಿ ಬಟ್ಟೆ ಅಲ್ಲಿ ಗುಡಾರದ ಹಾಗೆ ಎದ್ದು ನಿಂತಿತ್ತು.

"ಬಿಡು, ಹಾಗೇ ಇರ್ಲಿ," ಎಂದಳು ಚಿಕ್ಕಮ್ಮ. "ನನ್ನ ಅಕ್ಕ ಯಾರ ಮಾತು ಕೇಳಿದೋಳು, ಈಗ ನಿನ್ನ ಮಾತು ಕೇಳ್ತಾಳಾ."

ಮಗಳು ಬಟ್ಟೆಯ ಅಂಚು ಸರಿಮಾಡಿ ಕೂತಳು. ಮುಂದಿನ ಕೋಣೆಯ ಕುರ್ಚಿ, ಬೆಂಚುಗಳೆಲ್ಲ ಆಗಲೇ ತುಂಬಿದ್ದವು. ಬಂದವರಲ್ಲಿ ಅರ್ಧದಷ್ಟು ಜನರನ್ನು ಅವಳು ಕಂಡೇ ಇರಲಿಲ್ಲ. ಒಳಗೆ ಬಂದು, ಅಮ್ಮನ ಮುಖವನ್ನೇ ಬಹಳ ಹೊತ್ತು ನೋಡಿ, ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಚಿಕ್ಕಮ್ಮ ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಡಾಕ್ಟರು ಬೆಳಗ್ಗೇನೇ ಜೀವ ಹೋಗಿದೆ ಅಂದ್ರಂತೆ. ನೀನು ಮಧ್ಯಾಹ್ನ ನೋಡಿದ್ದು. ಮನೇಲೇ ಇದ್ದೆಯಲ್ಲ ಮಗಾ?"

"ಇದ್ದೆ."

"ಅವಳ ಕೋಣೆ ಬಾಗಿಲು ತೆಗೆದೇ ಇತ್ತಲ್ಲ. ಒಂದು ಸಲ ಕೂಗಬಾರ್ದಿತ್ತಾ?"

"ಕೆಲಸದ ಹೊತ್ತಾಗಿತ್ತು ಚಿಕ್ಕಮ್ಮ."

"ಏನು ಕೆಲಸ? ಕೈ ನಡುಗೋಕೆ ಶುರುವಾಗಿ, ಕುಂಚ ಕೆಳಗಿಟ್ಟು ಯಾವ ಕಾಲ ಆಯ್ತು."

ಮಗಳು ಬಟ್ಟೆಯ ಅಂಚನ್ನು ಮತ್ತೆ ಎಳೆದಳು. ನಿನ್ನೆ ಬೆಳಗ್ಗೆ ಒಗೆದ ಬಟ್ಟೆ ಹಿಡಿದು ಆ ಬಾಗಿಲ ಮುಂದೆಯೇ ಹೋಗಿದ್ದಳು, ಬಂದಿದ್ದಳು. ಕಿಟಕಿಯ ಬೆಳಕಿಗೆ ಬಾಗಿದ ಅಮ್ಮನ ಬೆನ್ನು ಕಂಡಿತ್ತು. ಚಿಕ್ಕಂದಿನಿಂದ ಕಲಿತ ಹಾಗೆ, ಸದ್ದಾಗದಂತೆ ಹೆಜ್ಜೆ ಇಟ್ಟು ದಾಟಿದ್ದಳು.

*

ಅಮ್ಮ ಕಣ್ಣು ಮಾಡುತ್ತಿದ್ದಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಣ್ಣು ಕಳೆದುಕೊಂಡವರಿಗೆ ಹಾಕುವ ಕೃತಕ ಕಣ್ಣು. ಬಿಳಿ ಚಿಪ್ಪನ್ನು ಉಜ್ಜಿ ನಯಮಾಡಿ, ಉಳಿದಿರುವ ಕಣ್ಣನ್ನು ನೋಡಿಕೊಂಡು, ಅದರ ಬಣ್ಣವನ್ನೇ ಇದರಲ್ಲಿ ಎಳೆ ಎಳೆಯಾಗಿ ಬರೆಯಬೇಕು. ರಕ್ತನಾಳ ಕಾಣುವುದಕ್ಕೆ ಕೆಂಪು ರೇಷ್ಮೆಯ ನೂಲನ್ನು ಬಿಡಿಸಿ ಅಂಟಿಸಬೇಕು. ಜನ ಅವಳನ್ನು ಕಣ್ಣಮ್ಮ ಎಂದೇ ಕರೆಯುತ್ತಿದ್ದರು.

ಮೊದಮೊದಲು ಮೇಜು ಅಡುಗೆಮನೆಯ ಮೂಲೆಯಲ್ಲಿತ್ತು. ಒಂದು ಎಳೆ ಬರೆಯುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು, ಮಗು ಅಳುತ್ತಿತ್ತು, ಪಕ್ಕದ ಮನೆಯವಳು ಸಕ್ಕರೆಗೆ ಬರುತ್ತಿದ್ದಳು. ಒಂದು ದಿನ ಆಸ್ಪತ್ರೆಯ ಡಾಕ್ಟರು ಒಂದು ಕಣ್ಣನ್ನು ಹಿಂದಕ್ಕೆ ತಂದು ಅಂಗೈಯಲ್ಲಿ ಹಿಡಿದರು. "ನೋಡಮ್ಮ, ಇದನ್ನು ಇಬ್ಬರು ಕೂತು ಬರೆದ ಹಾಗಿದೆ. ಅರ್ಧ ನೀನು ಬರೆದಿದ್ದೀಯ, ಇನ್ನರ್ಧ ಯಾರೋ."

ಅಮ್ಮ ಅಂದು ಊಟ ಮಾಡಲಿಲ್ಲ. ಮರುದಿನ ಮೇಜನ್ನು ಹಿಂದಿನ ಕೋಣೆಗೆ, ಕಿಟಕಿಯ ಕೆಳಗೆ ಸಾಗಿಸಿದಳು. ಇಡೀ ದಿನದ ಅಡುಗೆಯನ್ನು ಬೆಳಕು ಹರಿಯುವ ಮೊದಲೇ ಮುಗಿಸುವುದು, ಮಗುವಿಗೆ ಸ್ನಾನ ಮಾಡಿಸಿ ಉಣಿಸುವುದು, ಕೈ ತೊಳೆದು ಒಣಗಲು ಬಿಡುವುದು, ಆಮೇಲೆ ಬಾಗಿಲು ಹಾಕಿಕೊಂಡು ಕೂರುವುದು. ಮಧ್ಯಾಹ್ನದವರೆಗೆ ಏಳುವಂತಿಲ್ಲ. ಮೊದಲ ವಾರ ಅವಳೇ ಹತ್ತು ಸಲ ಎದ್ದು ಬಂದಳು. ಒಲೆ ಆರಿಸಿದೆನಾ, ಮಗು ಮಲಗಿತಾ ಎಂದು ಕೇಳಿದಳು. ಅಪ್ಪ ಹೆಗಲು ಹಿಡಿದು ತಿರುಗಿಸಿ ಒಳಗೆ ಕಳಿಸುತ್ತಿದ್ದ. ಮಾಡುವ ಕಣ್ಣು ಇಲ್ಲದ ದಿನವೂ ಕೂತಳು. ಸುಮ್ಮನೆ ಗೆರೆ ಎಳೆದಳು. ತಿಂಗಳು ಕಳೆಯುವುದರೊಳಗೆ ಕೂತರೆ ಕಲ್ಲು ಎನ್ನುವ ಹಾಗಾದಳು.

ಅಪ್ಪನಿಗೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಬೆಳಗ್ಗೆ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಮರುದಿನದ ಅಡುಗೆಗೆ ತರಕಾರಿ ಹೆಚ್ಚುತ್ತ ಕೂರುತ್ತಿದ್ದ. ಯಾರು ಕೇಳಿದರೂ "ಅವಳು ಊರಲ್ಲಿಲ್ಲ" ಎನ್ನುತ್ತಿದ್ದ. ಒಮ್ಮೆ ಹಾಗೆ ಹೇಳುವಾಗಲೇ ಒಳಗಿನಿಂದ ಕೆಮ್ಮು ಕೇಳಿಸಿತು. ಬಂದವರು ಅವನ ಮುಖ ನೋಡಿದಾಗ, "ಊರೇನು ದೂರ ಇಲ್ಲ," ಎಂದು ಮತ್ತೆ ಈಳಿಗೆಗೆ ಬಾಗಿದ.

ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದರು. ಬಾಗಿಲು ಹಾಕಿದ್ದರೆ ಅಮ್ಮ ಊರಲ್ಲಿಲ್ಲ.

ಅವಳು ಎರಡನೆಯ ತರಗತಿಯಲ್ಲಿದ್ದಾಗ ಒಂದು ರಜೆಯ ದಿನ ಅಪ್ಪ ಪೇಟೆಗೆ ಹೋಗಿದ್ದ. ಹಿತ್ತಲ ಗೋಡೆ ಹತ್ತಿದವಳು ಜಾರಿ ಬಿದ್ದಳು. ಮೊಣಕೈಯ ಕೆಳಗೆ ತೋಳು ವಕ್ರವಾಗಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಬಂದು ಬಾಗಿಲ ಹೊರಗೆ ಕೂತಳು. ಲಂಗದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮಧ್ಯಾಹ್ನ ಬಾಗಿಲು ತೆರೆದ ಅಮ್ಮ ಆ ತೋಳನ್ನು ಕಂಡು ಅವಳ ಪಕ್ಕದಲ್ಲೇ ಕೂತಳು.

"ಯಾಕೆ ಕರೀಲಿಲ್ಲ? ಯಾಕೆ ಕರೀಲಿಲ್ಲ ಚಿನ್ನಾ?"

"ನೀನು ಊರಲ್ಲಿರ್ಲಿಲ್ವಲ್ಲ."

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮರುದಿನದಿಂದ ಅಮ್ಮ ಬಾಗಿಲು ಹಾಕುವುದನ್ನು ಬಿಟ್ಟಳು. ಕೂರುವುದನ್ನು ಬಿಡಲಿಲ್ಲ, ಮುಂದೆ ಕೈ ನಡುಗಿ ಕುಂಚ ಕೆಳಗಿಟ್ಟ ಮೇಲೂ. ಮಗಳು ಒಳಗೆ ಹೋಗಲಿಲ್ಲ. ಮೊದಲು ಭಯದಿಂದ, ಬೆಳೆಯುತ್ತ ಸಿಟ್ಟಿನಿಂದ, ಕೊನೆಗೆ ಬರೀ ಅಭ್ಯಾಸದಿಂದ. ಮದುವೆಯಾಗಿ, ಅಪ್ಪ ತೀರಿಕೊಂಡ ಮೇಲೆ ಗಂಡನೊಡನೆ ಇದೇ ಮನೆಗೆ ಬಂದು ಇದ್ದರೂ ಬೆಳಗಿನ ಹೊತ್ತು ಆ ಹೊಸ್ತಿಲು ದಾಟಿದವಳಲ್ಲ.

*

"ನಾನು ಬಡಗಿ," ಎಂದು ಗೋಡೆಗೆ ಒರಗಿದ್ದವರಲ್ಲಿ ಒಬ್ಬ ಹತ್ತಿರ ಬಂದು ಕೂತ. ತಲೆ ನರೆತಿತ್ತು. "ನಿಮಗೆ ನನ್ನ ಗುರುತಿರಲ್ಲ. ಮರದ ಚೂರು ಸಿಡಿದು ಕಣ್ಣು ಹೋದಾಗ ಇಲ್ಲಿಗೆ ಬಂದಿದ್ದೆ. ನೀವಾಗ ಸ್ಕೂಲಿಗೆ ಹೋಗ್ತಿದ್ರಿ, ಬೇಸಿಗೆ ರಜ ಅಂತ ಮನೇಲಿದ್ರಿ."

ಮಗಳು ತಲೆಯಾಡಿಸಿದಳು.

"ಕಣ್ಣು ಹೋದ್ಮೇಲೆ ಜನ ನನ್ನ ಮುಖ ನೋಡೋದೇ ಬಿಟ್ಟಿದ್ರು. ನನ್ನ ಹೆಂಡ್ತೀನೂ ಭುಜ ನೋಡ್ಕೊಂಡು ಮಾತಾಡ್ತಿದ್ಲು, ಪಾಪ. ನಿಮ್ಮಮ್ಮ ಎದುರಿಗೆ ಕೂರಿಸ್ಕೊಂಡು ಬೆಳಗ್ಗೆಯೆಲ್ಲಾ ನೋಡಿದ್ರು. ಒಂದು ಮಾತಿಲ್ಲ. ನನಗೆ ಅಳು ಬಂತು. ಅತ್ತರೆ ಬಣ್ಣ ಬದಲಾಗುತ್ತೆ, ಅಳು ಮುಗಿಸು, ಕಾಯ್ತೀನಿ ಅಂದ್ರು."

ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನನ್ನ ಅಷ್ಟು ಹೊತ್ತು ಯಾವತ್ತೂ ನೋಡ್ಲಿಲ್ಲ," ಎಂದಳು ಮಗಳು ಮೆಲ್ಲಗೆ.

ಬಡಗಿ ಇನ್ನಷ್ಟು ಹತ್ತಿರ ಸರಿದ. "ಹೇಳ್ಬಹುದೋ ಬೇಡ್ವೋ ಗೊತ್ತಿಲ್ಲ," ಎಂದ. "ಅಷ್ಟು ಗಮನ ಇಟ್ಟು ಕೂತೋರು ಒಂದೊಂದು ಸಲ ಕುಂಚ ಎತ್ತಿ ಹಾಗೇ ಹಿಡ್ಕೊಂಡುಬಿಡೋರು. ಏನಮ್ಮ ಅಂತ ಕೇಳ್ದೆ. ಮಗಳು ಹೊರಗಿದಾಳೆ, ಹೆಜ್ಜೆ ಕೇಳ್ತು, ಕರೀತಾಳೇನೋ ಅಂದ್ರು. ಕಿವಿ ಕೊಟ್ಟು ಕೂತ್ರು. ಆಮೇಲೆ, ಇಲ್ಲ, ದಾಟಿ ಹೋದ್ಲು ಅಂತ ಮತ್ತೆ ಬಣ್ಣಕ್ಕೆ ಅದ್ದಿದ್ರು. ನಾನು ಬಂದಷ್ಟು ದಿನಾನೂ ಹಾಗೇ. ಬೇರೆ ಯಾವ ಸದ್ದಿಗೂ ಅವರು ತಲೆ ಎತ್ತಿದ್ದು ನೋಡಿಲ್ಲ."

ಮಗಳು ಅಮ್ಮನ ಕಡೆಗೆ ತಿರುಗಿದಳು. ಗುಡಾರದಂತಿದ್ದ ಬಟ್ಟೆಯ ಮೇಲೆ ಕೈಯಿಟ್ಟು, "ಅಮ್ಮಾ," ಎಂದಳು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಹಿಂದಿನ ಕೋಣೆಗೆ ಕೇಳಿಸುವಷ್ಟು, "ಅಮ್ಮಾ."

ಚಿಕ್ಕಮ್ಮ ಅವಳ ಬೆನ್ನ ಮೇಲೆ ಕೈಯಾಡಿಸಿದಳು. ಹೊರಗೆ ಗಾಡಿ ಬಂದು ನಿಂತಿತು.

*

ಮಣ್ಣು ಮುಚ್ಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಜನ ಒಬ್ಬೊಬ್ಬರಾಗಿ ಚದುರಿದರು. ಗಂಡ ಚಿಕ್ಕಮ್ಮನನ್ನು ಗಾಡಿಗೆ ಹತ್ತಿಸುತ್ತಿದ್ದ. ಬಡಗಿ ಮಾತ್ರ ಇನ್ನೂ ನಿಂತಿದ್ದ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು.

ಮಗಳು ಅವನ ಎದುರಿಗೆ ಹೋಗಿ ನಿಂತಳು.

"ಅಮ್ಮ ಮಾಡಿದ್ದು ಯಾವ ಕಣ್ಣು?"

ಅವನು ಕೈ ಎತ್ತಿದ.

"ಬೇಡ, ತೋರಿಸ್ಬೇಡಿ. ಸ್ವಲ್ಪ ಬೆಳಕಿಗೆ ತಿರುಗಿ."

ಅವನು ತಿರುಗಿದ. ಅವಳು ಹತ್ತಿರ ಬಾಗಿದಳು. ಕಂದು ಬಣ್ಣ, ಅಂಚಿಗೆ ಬರುತ್ತ ಕಪ್ಪಾಗಿತ್ತು. ಒಳಗೆ ಜೇನಿನಂಥ ಹಳದಿಯ ಎಳೆಗಳು ಒಂದನ್ನೊಂದು ಮುಟ್ಟದೆ ಸುತ್ತಲೂ ಹರಡಿದ್ದವು. ಬಿಳಿಯಲ್ಲಿ ಕೂದಲಿಗಿಂತ ತೆಳುವಾದ ಕೆಂಪು ಗೀರು. ಆಮೇಲೆ ಇನ್ನೊಂದು ಕಣ್ಣನ್ನು ನೋಡಿದಳು. ಅದೇ ಕಂದು, ಅದೇ ಜೇನು. ಮತ್ತೆ ಮೊದಲನೆಯದಕ್ಕೆ ಬಂದಳು.

ಗಾಡಿಯ ಬಾಗಿಲು ಹಿಡಿದುಕೊಂಡು ಗಂಡ ಅವಳನ್ನು ಕರೆದ. ಸ್ವಲ್ಪ ತಡೆದು ಇನ್ನೊಂದು ಸಲ ಕರೆದ. ಅವಳು ತಿರುಗಲಿಲ್ಲ. ಬಡಗಿ ರೆಪ್ಪೆ ಬಡಿಯದಿರಲು ಹೆಣಗುತ್ತ, ಬಿಸಿಲಿಗೆ ಮುಖವೊಡ್ಡಿ, ಅಲುಗದೆ ನಿಂತಿದ್ದ. ಎರಡು ಕಣ್ಣುಗಳಿಂದಲೂ ನೀರು ಇಳಿಯುತ್ತಿತ್ತು.