ಉತ್ತರ ಗ್ಯಾಲರಿಯಲ್ಲಿ ಒಂದೇ ಒಂದು ಕುರ್ಚಿ

"ಮೂಗು ತುಳೀಬೇಡಿ!" ಎಂದು ದರ್ಜಿ ಕೂಗುವಷ್ಟರಲ್ಲಿ ಬೇಕರಿಯವನ ಎರಡೂ ಕಾಲು ಮೂಗಿನ ಹೊಳ್ಳೆಯೊಳಗಿದ್ದವು. ಗಾಬರಿಬಿದ್ದ ಅವನು ಒಂದೇ ನೆಗೆತಕ್ಕೆ ಮೇಲ್ತುಟಿಗೆ ಹಾರಿದ. ಅಲ್ಲಿ ಬಣ್ಣ ಇನ್ನೂ ಹಸಿ.

"ಅಯ್ಯೋ, ಮೀಸೆ!"

"ಮೀಸೆ ಎಲ್ಲಿಂದ ಶುರುವಾಗತ್ತೆ ಅಂತ ಬೋರ್ಡ್ ಹಾಕಿದೀಯೇನಮ್ಮ? ನಿಂತ್ಕೊಂಡು ನೋಡಿದ್ರೆ ಬರೀ ಕಪ್ಪು ಕೆಸರು ಕಾಣ್ತಿದೆ," ಎನ್ನುತ್ತ ಅವನು ಒಂಟಿಕಾಲಿನಲ್ಲಿ ನಿಂತು ಚಪ್ಪಲಿ ಬಿಚ್ಚತೊಡಗಿದ.

ಬಸ್ಸುಗಳನ್ನು ತೊಳೆಯುವ ಶೆಡ್ಡು ಅದು. ವಾರದ ರಜೆಯಾದ್ದರಿಂದ ಬಸ್ಸುಗಳೆಲ್ಲ ಹೊರಗೆ ಬಿಸಿಲು ಕಾಯಿಸುತ್ತಿದ್ದವು. ಒಳಗೆ ಈ ಗೋಡೆಯಿಂದ ಆ ಗೋಡೆಗೆ ದರ್ಜಿಯ ಅಪ್ಪನ ಮುಖ ಅಂಗಾತ ಮಲಗಿತ್ತು. ನಾಲ್ಕು ಭಾಗಗಳಲ್ಲಿ ಬಳಿದ ಬಟ್ಟೆಯನ್ನು ಈಗ ಒಂದಾಗಿ ಜೋಡಿಸಬೇಕು. ಅವಳು ಕೈಮಷಿನ್ನನ್ನು ಗಲ್ಲದ ಮೇಲಿಟ್ಟುಕೊಂಡು, ಮೊಣಕಾಲಿಗೆ ಹಳೆ ದಿಂಬು ಕಟ್ಟಿಕೊಂಡು, ಕೆಳತುಟಿಯುದ್ದಕ್ಕೂ ತೆವಳುತ್ತ ಹೊಲಿಯುತ್ತಿದ್ದಳು.

ಅಪ್ಪ ಒಂದು ಕಾಲದಲ್ಲಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಚೆಂಡು ಕೈಗೆ ಬಂದರೆ ಬಿಡುತ್ತಿರಲಿಲ್ಲವಾಗಿ ಜನ ಅವನನ್ನು ಅಂಟು ಎಂದು ಕರೆಯುತ್ತಿದ್ದರು. ಈಗ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡಿಕೊಂಡು, ಕೀಲಿಕೈ ಕಳೆದುಕೊಂಡವರನ್ನು ಬೈದುಕೊಂಡು ಇದ್ದಾನೆ. ಆಟ ಬಿಟ್ಟ ದಿನದಿಂದ ಮೈದಾನದ ಕಡೆ ತಲೆ ಹಾಕಿಲ್ಲ. ಕೇಳಿದರೆ, "ಅಲ್ಲಿ ನನಗೇನು ಕೆಲಸ?" ಎನ್ನುತ್ತಾನೆ. ಅವನಿಗೊಂದು ಗೌರವ ಸಲ್ಲಿಸಲೇಬೇಕೆಂದು ಉತ್ತರ ಗ್ಯಾಲರಿ ಬಳಗದವರು ಪಣ ತೊಟ್ಟಿದ್ದರು.

ಬಳಗ ಎಂದರೆ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿದುಕೊಳ್ಳುವವರ ಗುಂಪು. ನಿಂತು ಎಂಬುದನ್ನು ಗಮನಿಸಬೇಕು. ಉತ್ತರ ಗ್ಯಾಲರಿಯಲ್ಲಿ ಕೂರುವ ಪದ್ಧತಿಯೇ ಇಲ್ಲ. ಕುರ್ಚಿಗಳನ್ನು ಅವರೇ ಯಾವಾಗಲೋ ಕಿತ್ತು ಗುಜರಿಗೆ ಹಾಕಿಯಾಗಿತ್ತು. ಯಾರಾದರೂ ಮೆಟ್ಟಿಲ ಮೇಲೆ ಅಂಡೂರಿದರೆ, "ಏನಪ್ಪ, ಮೈ ಹುಷಾರಿಲ್ವಾ?" ಎಂದು ಹತ್ತು ಜನ ವಿಚಾರಿಸುತ್ತಾರೆ. ಅಂಥಲ್ಲಿ, ನಟ್ಟನಡುವೆ, ಅಂಟುವಿಗಾಗಿ ಒಂದೇ ಒಂದು ಕುರ್ಚಿ. ಹಿತ್ತಾಳೆ ಫಲಕ, ಅದರ ಮೇಲೆ ಅವನ ಹೆಸರು, ಜೀವನಪರ್ಯಂತ ಹಕ್ಕು. ಅವನು ಬಂದು ಕೂತ ದಿನ, ಇಡೀ ಗ್ಯಾಲರಿ ಮುಚ್ಚುವಂಥ ಅವನ ಚಿತ್ರ ಮೇಲೇಳಬೇಕು.

ಇಷ್ಟಕ್ಕೆ ದುಡ್ಡು ಹೊಂದಿಸಿದ ಬಗೆಯೇ ಒಂದು ಮೋಜು. ಬಳಗದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಸಂತೆ ಬಯಲಲ್ಲಿ ಗೋಲ್‌ಕಂಬ ನೆಟ್ಟು ಅದರ ನಡುವೆ ಅವರೇ ನಿಂತರು. ಚಂದಾ ಕೊಟ್ಟವರು ಡಾಕ್ಟರ ಕಡೆಗೆ ಒಂದು ಪೆನಾಲ್ಟಿ ಒದೆಯಬಹುದು. ಅವರ ಡ್ರಿಲ್ಲಿಗೆ ಬಾಯಿ ಕೊಟ್ಟ ಅರ್ಧ ಊರು ಸಾಲುಗಟ್ಟಿತು. ಕೆಲವರು ಗೋಲಿನ ಕಡೆ ನೋಡಲೂ ಇಲ್ಲ, ನೇರ ಡಾಕ್ಟರಿಗೇ ಗುರಿಯಿಟ್ಟರು. ಬೇಕರಿಯವನು ಗ್ಲೌಸಿನ ಆಕಾರದ ಬನ್ನು ಮಾಡಿ ಮಾರಿದ. ಮಕ್ಕಳು ಮೊದಲು ಹೆಬ್ಬೆರಳು ಕಚ್ಚಿ ತಿನ್ನುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಸಂಗ್ರಹಿಸಿದವನು ಗ್ಯಾಲರಿಯಲ್ಲಿ ಡೋಲು ಬಡಿಯುವವನು, ಇದೇ ಶೆಡ್ಡಿನ ಬಸ್ ಡ್ರೈವರ್. ಮನೆಮನೆ ಹತ್ತಿ, "ಚಂದಾ ಕೊಟ್ರೆ ಮುಂದಿನ ತಿಂಗಳು ಮನೇಲಿ ಪ್ರಾಕ್ಟೀಸ್ ಮಾಡಲ್ಲ," ಎಂದ. ಅವನ ಬೀದಿಯವರು ಕಣ್ಣು ಮುಚ್ಚಿ ಕೊಟ್ಟರು.

ಬಟ್ಟೆಯ ಕೆಲಸ ಮಾತ್ರ ದರ್ಜಿಯದು. ಕೂಲಿ ಬೇಡ ಎಂದಿದ್ದಳು. ಅವಳಿಗೆ ಬೇಕಾದದ್ದು ಬೇರೆ. ಅವಳು ಹೊಲಿದ ಅಂಗಿಗಳನ್ನೇ ಅಪ್ಪ ಇಷ್ಟು ವರ್ಷ ತೊಟ್ಟಿದ್ದ, ಒಂದನ್ನೂ ನೋಡಿರಲಿಲ್ಲ. ತೋಳು ತೂರಿಸುವುದು, ಗುಂಡಿ ಹಾಕುವುದು, ಹೊರಡುವುದು. "ಹೇಗಿದೆ ಅಪ್ಪ?" ಎಂದರೆ, "ಹಿಡಿಯಲ್ಲ," ಎನ್ನುತ್ತಿದ್ದ. ಅಂಗಿ ಎಲ್ಲೂ ಬಿಗಿಯಿಲ್ಲ ಎಂಬುದೇ ಅವನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ. ಈ ಸಲ ಅಂಗಿಯಲ್ಲ, ಗ್ಯಾಲರಿಯಷ್ಟು ದೊಡ್ಡದು. ಇದನ್ನಾದರೂ ಕಣ್ಣೆತ್ತಿ ನೋಡದೆ ಎಲ್ಲಿ ಹೋಗುತ್ತಾನೆ?

ಅವನನ್ನು ಒಪ್ಪಿಸುವುದು ಬಟ್ಟೆ ಹೊಲಿಯುವುದಕ್ಕಿಂತ ಕಷ್ಟವಾಯಿತು. ಡಾಕ್ಟರೇ ಅವಳ ಜೊತೆ ಗೂಡಂಗಡಿಗೆ ಬಂದು, ಬಗ್ಗಿ, ತಲೆಗೆ ಮೆಟ್ಟಿಲು ತಾಗಿಸಿಕೊಂಡು ನಿಂತರು.

"ಸರ್, ನೀವು ಬಂದು ಸುಮ್ನೆ ಕೂತ್ರೆ ಸಾಕು. ಭಾಷಣ ಇಲ್ಲ."

"ಹೌದಾ? ನೀವೂ ಮಾಡಲ್ವಾ?"

"ನಾನು ಎರಡೇ ಮಾತು."

"ಹಾಗಾದ್ರೆ ಬರಲ್ಲ."

"ಆಯ್ತು, ನಾನೂ ಮಾಡಲ್ಲ!"

ಅಪ್ಪ ಬೀಗದೊಳಗೆ ಎಣ್ಣೆ ಬಿಟ್ಟ. "ಮಗಳು ನನ್ನ ಮುಖ ಬರೀತಿದಾಳಂತೆ. ನನ್ನ ಮುಖ ನಾನ್ ಯಾಕ್ರೀ ನೋಡ್ಬೇಕು? ದಿನಾ ಬೆಳಿಗ್ಗೆ ಶೇವ್ ಮಾಡುವಾಗ ನೋಡ್ತೀನಿ. ಅದೇ ಸಾಕಾಗಿದೆ."

"ಅಪ್ಪ, ಮುಖ ನೋಡ್ಬೇಡ. ಕೆಲಸ ನೋಡು," ಎಂದಳು ಮಗಳು. "ಒಂದ್ ಸಲ. ಆಮೇಲೆ ನಾನು ಏನೂ ಕೇಳಲ್ಲ."

ಅವನು ಕೀಲಿ ತಿರುಗಿಸಿದ. ಬೀಗ ಬಿಟ್ಟುಕೊಂಡಿತು. "ಹೂಂ," ಎಂದ. ಬೀಗಕ್ಕೆ ಹೇಳಿದನೋ ಅವಳಿಗೋ ಎಂದು ತಿಳಿಯದೆ ಡಾಕ್ಟರು ಅವಳ ಮುಖ ನೋಡಿದರು. ಅವಳಿಗೆ ಗೊತ್ತಿತ್ತು. ಕುಣಿಯುವುದಕ್ಕೆ ಅಲ್ಲಿ ಜಾಗವಿರಲಿಲ್ಲ, ಅಷ್ಟೆ.

ಅಲ್ಲಿಂದ ಪ್ರತಿ ಸಭೆಯಲ್ಲೂ ಕುರ್ಚಿಯದೇ ಚರ್ಚೆ. ಮುಂದಿನ ಸಾಲಿಗೆ ಹಾಕಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಸಾಲಿಗೆ ಹಾಕಿದರೆ ಮಂಡಿನೋವಿನವನು ಅಷ್ಟು ಮೆಟ್ಟಿಲು ಹತ್ತಬೇಕು. ಅಂಚಿಗೆ ಹಾಕಿದರೆ ಅವಮಾನ. ಶೌಚಾಲಯ ಎಷ್ಟು ದೂರ, ಗಾಳಿ ಯಾವ ಕಡೆಯಿಂದ, ಎಲ್ಲವನ್ನೂ ಜಾಲಾಡಿ ಕೊನೆಗೆ ಗ್ಯಾಲರಿಯ ಎದೆಭಾಗದಲ್ಲಿ, ಎಲ್ಲ ಕಡೆಯಿಂದಲೂ ನಡುವೆ ಬರುವಂತೆ, ನಾಲ್ಕು ಬೋಲ್ಟು ಬಿಗಿದು ಕುರ್ಚಿ ಕೂರಿಸಿದರು.

ಪಂದ್ಯದ ದಿನ ಬಂತು. ದರ್ಜಿಯನ್ನು ದಕ್ಷಿಣ ಗ್ಯಾಲರಿಗೆ, ಅಂದರೆ ಮೈದಾನದ ಆ ತುದಿಗೆ ಕಳಿಸಿದ್ದರು. ಚಿತ್ರ ನೆಟ್ಟಗೆ ಬಂದಿದೆಯೋ ಇಲ್ಲವೋ ಅಲ್ಲಿಂದ ಮಾತ್ರ ಕಾಣುವುದು. ಅವಳ ಕೈಯಲ್ಲಿ ಎರಡು ಬಾವುಟ. ಹಸಿರು ಬೀಸಿದರೆ ಎತ್ತಬೇಕು, ಬಿಳಿ ಬೀಸಿದರೆ ಇಳಿಸಬೇಕು.

ದೂರದಲ್ಲಿ, ಅವಳೇ ಹೊಲಿದ ನೀಲಿ ಅಂಗಿಯಲ್ಲಿ, ಅಪ್ಪ ಮೆಟ್ಟಿಲು ಹತ್ತಿ ಬಂದದ್ದು ಕಾಣಿಸಿತು. ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಬೋಲ್ಟಿನ ಮೇಲೆ ನಂಬಿಕೆ ಬಂದ ಮೇಲೆ ಕೂತ. ಡೋಲು ಬಡಿಯಿತು. ಆಟಗಾರರು ಮೈದಾನಕ್ಕಿಳಿದರು. ಅವಳು ಹಸಿರು ಬಾವುಟ ಬೀಸಿದಳು.

ಕೆಳಸಾಲಿನಿಂದ ಬಟ್ಟೆ ಏಳತೊಡಗಿತು. ಮೊದಲು ಗಲ್ಲ, ಆಮೇಲೆ ತುಟಿ, ಮೀಸೆ. ಜನರ ತಲೆಯ ಮೇಲಿಂದ, ಕೈಯಿಂದ ಕೈಗೆ, ಅಲೆಯಂತೆ ಮೇಲೆ ಸರಿಯಿತು. ಅವಳ ಸುತ್ತಲಿನವರೆಲ್ಲ ಎದ್ದು ನಿಂತರು. ಅಪ್ಪನ ಕಣ್ಣು ಬಂತು, ಹುಬ್ಬು ಬಂತು, ಎಡಕ್ಕೂ ಬಲಕ್ಕೂ ಎರಡು ಗ್ಲೌಸು ಬಂದವು. ಒಂದು ಸುಕ್ಕಿಲ್ಲ. ಬಸ್ ಶೆಡ್ಡಿನಲ್ಲಿ ತೆವಳುವಾಗ ಎಂದೂ ಇಡಿಯಾಗಿ ಕಂಡಿರದ ಮುಖ ಈಗ ಮೈದಾನವನ್ನೇ ದುರುಗುಟ್ಟಿ ನೋಡುತ್ತಿತ್ತು. ಪಕ್ಕದ ಅಪರಿಚಿತ ಮುದುಕಿಯೊಬ್ಬಳು, "ಅಬ್ಬಾ, ಯಾರ ಕೈಯೇ ಇದು!" ಎಂದಳು. ಅಪ್ಪನಿಗೆ ಹೇಗನ್ನಿಸಿರಬಹುದು ಎಂದು ದರ್ಜಿ ನೀಲಿ ಅಂಗಿಯನ್ನು ಹುಡುಕಿದಳು.

ನೀಲಿ ಅಂಗಿ ಇರಲಿಲ್ಲ. ಕುರ್ಚಿಯೂ ಇರಲಿಲ್ಲ. ಮೂಗಿನ ಎಡಗಡೆ, ಕೆನ್ನೆಯ ನಡುವೆ ಬಟ್ಟೆ ಕೊಂಚ ಉಬ್ಬಿತ್ತು, ಹಲ್ಲುನೋವಿನವರ ಕೆನ್ನೆಯ ಹಾಗೆ. ಅದು ಅಪ್ಪನ ತಲೆ.

ಎರಡೂ ಬಾವುಟ ಅವಳ ಕೈಯಿಂದ ಜಾರಿದವು. ಎಷ್ಟು ಸಭೆ ಮಾಡಿದರು! ಬಿಸಿಲು, ಗಾಳಿ, ಶೌಚಾಲಯ! ಎಷ್ಟೋ ವರ್ಷದಿಂದ ಬಳಗದವರು ಬಟ್ಟೆ ಎತ್ತುತ್ತಲೇ ಬಂದಿದ್ದಾರೆ, ಎತ್ತಿದ್ದನ್ನು ಒಂದು ಸಲವೂ ನೋಡಿಲ್ಲ. ತಮ್ಮ ನಡುವೆ ಕೂತವನಿಗೆ ಏನು ಕಾಣುತ್ತದೆಂದು ಅವರಿಗೆ ಹೇಗೆ ಹೊಳೆಯಬೇಕು? ಆದರೆ ತನಗೆ ಏಕೆ ಹೊಳೆಯಲಿಲ್ಲ? ಮೈದಾನಕ್ಕೆ ಬಂದ ಸಾವಿರಾರು ಜನರಲ್ಲಿ ಯಾರು ನೋಡಲೆಂದು ಅವಳು ಮೊಣಕಾಲು ಸವೆಸಿದ್ದಳೋ ಅವನನ್ನೇ ಮುಚ್ಚಿ ಹಾಕಿದ್ದರು.

ಅವಳು ಬಿಳಿ ಬಾವುಟ ಹೆಕ್ಕಿ ಹುಚ್ಚು ಹಿಡಿದವಳಂತೆ ಬೀಸಿದಳು. ಸಂಭ್ರಮಕ್ಕೆ ಬೀಸುತ್ತಿದ್ದಾಳೆಂದುಕೊಂಡು ಸುತ್ತಲಿನವರೂ ತಂತಮ್ಮ ಕರ್ಚೀಫು, ಟೋಪಿ ಬೀಸತೊಡಗಿದರು. ಇಡೀ ದಕ್ಷಿಣ ಗ್ಯಾಲರಿ ಬೆಳ್ಳಗಾಯಿತು. ಇದನ್ನು ಕಂಡ ಉತ್ತರದವರು ಖುಷಿಯಾಗಿ ಬಟ್ಟೆಯನ್ನು ಇನ್ನಷ್ಟು ಮೇಲೆತ್ತಿದರು.

ಅವಳು ಓಡಿದಳು. ಮೈದಾನದ ಅರ್ಧ ಸುತ್ತು ಬಳಸಿ ಉತ್ತರದ ಗೇಟಿಗೆ ಬಂದಾಗ ಕಾವಲಿನವನು ಟಿಕೆಟ್ ನೋಡಿ ತಡೆದ.

"ಇದು ಆ ಕಡೆದು."

"ಬಿಡಪ್ಪ, ಒಳಗಡೆ ನಮ್ಮಪ್ಪ ಇದಾರೆ!"

"ಯಾವ ಅಪ್ಪ?"

ಅವಳು ಬಟ್ಟೆಯ ಕಡೆ ಕೈ ತೋರಿದಳು. ಅವನು ಅಷ್ಟೆತ್ತರದ ಮುಖವನ್ನೂ ಅವಳ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. "ಹುಬ್ಬು ಹೌದು," ಎಂದು ಸರಿದು ನಿಂತ.

ಅವಳು ಮೇಲೇರುವಷ್ಟರಲ್ಲಿ ಬಟ್ಟೆ ಇಳಿದಿತ್ತು, ಪಂದ್ಯ ಶುರುವಾಗಿತ್ತು. ಕುರ್ಚಿಯ ಮೇಲೆ ಯಾರದೋ ಜಾಕೆಟ್ಟು, ಬನ್ನಿನ ಪೊಟ್ಟಣ. ಅಪ್ಪ ಅದರಿಂದ ಎರಡು ಸಾಲು ಕೆಳಗೆ, ಗುಂಪಿನ ಮಧ್ಯೆ ನಿಂತಿದ್ದ. ತಲೆಕೂದಲೆಲ್ಲ ಕೆದರಿ, ಮುಖ ಬೆವೆತು, ಬೇಕರಿಯವನ ಕುತ್ತಿಗೆಪಟ್ಟಿ ಹಿಡಿದುಕೊಂಡಿದ್ದ.

"ಬಂದ್ಯಾ? ಇಲ್ಲಿ ನೋಡೇ! ಈ ಬದಿ ಗೋಲಲ್ಲಿ ನಾನು ನಿಂತಾಗೆಲ್ಲ ಬೆನ್ನ ಹಿಂದೆ ಒಬ್ಬ ಎಡಕ್ಕೆ, ಎಡಕ್ಕೆ ಅಂತ ಅರಚ್ತಿದ್ದ. ಒಂದ್ ದಿನಾನೂ ತಿರುಗಿ ನೋಡಕ್ಕಾಗ್ಲಿಲ್ಲ, ಚೆಂಡು ಬಿಟ್ಟು ತಿರುಗಕ್ಕಾಗತ್ತಾ? ಈಗ ಬಟ್ಟೆ ಕೆಳಗಡೆ ಅದೇ ದನಿ ಕೇಳ್ತು. ಇವನೇ ಕಣೆ ಅದು, ಈ ಬನ್ನು! ಇವನ ಮಾತು ಕೇಳಿ ಎಡಕ್ಕೆ ಹಾರಿ ಎಷ್ಟು ಗೋಲು ತಿಂದಿದೀನಿ!"

"ಅಣ್ಣ, ಅದು ನಿಮಗೆ ಹೇಳಿದ್ದಲ್ಲ," ಎಂದ ಬೇಕರಿಯವನು ಅಳುದನಿಯಲ್ಲಿ. "ನನ್ನ ಮುಂದೆ ಒಬ್ಬ ಲಂಬು ನಿಲ್ತಿದ್ದ. ಅವನಿಗೆ, ಎಡಕ್ಕೆ ಜರುಗೋ ಅಂತ."

ಅಪ್ಪ ಅವನನ್ನು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕ. ಅವನು ಹಾಗೆ ನಕ್ಕಿದ್ದನ್ನು ಮಗಳು ನೋಡಿ ಯಾವ ಕಾಲವಾಗಿತ್ತೋ. ಆದರೂ ಅವಳಿಗೆ ನಗು ಬರಲಿಲ್ಲ.

"ಅಪ್ಪ, ನಿನಗೆ ಏನೂ ಕಾಣಲಿಲ್ಲ ಅಲ್ವಾ?"

"ಯಾಕೆ ಕಾಣಲ್ಲ? ಬಲಗಿವಿ ಕೆಳಗೆ ಗೇಣುದ್ದ ಹೊಲಿಗೆ ಬಿಟ್ಟಿದೆ. ಅಲ್ಲಿಂದ ಬಿಸಿಲು ಬೀಳ್ತಿತ್ತು."

"ಅದು ಒಳಗಡೆ. ಹೊರಗಡೆ ನೋಡ್ಬೇಕಿತ್ತು ನೀನು. ಆ ಕಡೆ ಜನ ಎದ್ದು ನಿಂತ್ಬಿಟ್ರು, ಗೊತ್ತಾ?"

ಅಷ್ಟರಲ್ಲಿ ಡಾಕ್ಟರು ಏದುಸಿರು ಬಿಡುತ್ತ ಬಂದರು. ತಪ್ಪು ಏನೆಂದು ಯಾರೋ ಅವರಿಗೆ ಆಗಷ್ಟೇ ತಿಳಿಸಿದ್ದರು. ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಸರ್, ಕ್ಷಮಿಸಿ, ನಮಗೆ ಬುದ್ಧಿ ಇಲ್ಲ. ಸರಿ ಮಾಡೋಣ. ಅರ್ಧ ಆಟ ಮುಗಿದ ಕೂಡ್ಲೇ ಮತ್ತೆ ಎತ್ತೋಣ. ನೀವೂ ಮಗಳೂ ಆ ಕಡೆ ಹೋಗಿ. ಗಣ್ಯರ ಸಾಲಲ್ಲಿ ಎರಡು ಸೀಟು ಮಾತಾಡಿ ಬಂದೆ. ಮೆತ್ತನೆ ಸೀಟು, ನೆರಳು. ಪೂರ್ತಿ ಕಾಣತ್ತೆ."

ದರ್ಜಿ ಅಪ್ಪನ ತೋಳು ಹಿಡಿದಳು. "ಬಾ ಅಪ್ಪ. ಐದೇ ನಿಮಿಷ. ನಾನು ಮಾಡಿದ್ದನ್ನ ಒಂದ್ ಸಲ ನೋಡು. ಆಮೇಲೆ ಇಲ್ಲೇ ಬಂದು ನಿಂತ್ಕೋ."

ಕೆಳಗೆ ಎದುರಾಳಿಯೊಬ್ಬ ಕಾಲಲ್ಲಿ ಚೆಂಡು ತಳ್ಳುತ್ತ ನುಗ್ಗಿ ಬರುತ್ತಿದ್ದ. ಅಪ್ಪ ಕತ್ತು ಉದ್ದ ಮಾಡಿ, ಮುಂದಿನವನ ಹೆಗಲ ಮೇಲೆ ಕೈಯಿಟ್ಟು, ಊರ ತಂಡದ ಎಳೆಯ ಗೋಲ್‌ಕೀಪರನ ಬೆನ್ನಿಗೆ, "ಮುಂದೆ ಬಾರೋ! ಮುಂದೆ!" ಎಂದು ಕಿರುಚಿದ. ಚೆಂಡು ಕಂಬಕ್ಕೆ ಬಡಿದು ಹೊರಹೋಯಿತು. ಗ್ಯಾಲರಿಯೆಲ್ಲ ಉಸಿರು ಬಿಟ್ಟಿತು.

"ಸರ್, ಬರ್ತೀರಿ ಅಂತ ಸೀಟಿನವರಿಗೆ ಹೇಳಿಬಿಡ್ಲಾ?" ಎಂದರು ಡಾಕ್ಟರು.

ಅಪ್ಪ ತಿರುಗಿ ಮಗಳನ್ನು ನೋಡಿದ. ತನ್ನ ತೋಳಿನ ಮೇಲಿದ್ದ ಅವಳ ಕೈ ಬಿಡಿಸಿ, ಅವಳನ್ನು ಬೇಕರಿಯವನಿಗೂ ತನಗೂ ನಡುವೆ ಎಳೆದು ನಿಲ್ಲಿಸಿಕೊಂಡ. ಮತ್ತೆ ಮೈದಾನದ ಕಡೆ ಮುಖ ಮಾಡಿದ.

"ನಾನು ಬರಲ್ಲ," ಎಂದ.