ಚುಕ್ಕೆ ಹಾಕಿದ ರಸೀದಿ

ನಮ್ಮ ಮನೆಯವರನ್ನು ಲೈಟ್‌ಹೌಸಿನ ಹತ್ತಿರ ಎಲ್ಲರೂ ಫ್ಲ್ಯಾಶಣ್ಣ ಎಂದೇ ಕರೆಯುತ್ತಿದ್ದರು. ಜೇಬಿನಲ್ಲೇ ಕ್ಯಾಮೆರಾ ಇಟ್ಟುಕೊಂಡು ಜನ ಓಡಾಡುವ ಕಾಲ ಅದಲ್ಲ. ಊರು ತೋರಿಸುವ ಬಸ್ಸುಗಳು ಬೆಳಿಗ್ಗೆ ಬಂದರಿನಿಂದ ಹೊರಟು, ಅಕ್ವೇರಿಯಂ, ಗುಡ್ಡದ ತುದಿ ಎಲ್ಲ ಸುತ್ತಿ, ಸಂಜೆಗೆ ಲೈಟ್‌ಹೌಸಿಗೆ ಬರುತ್ತಿದ್ದವು. ಅಲ್ಲಿ ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಜನ ಸಮುದ್ರ ನೋಡಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಕಬ್ಬಿಣದ ಕಂಬಿಗೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಇವರು ಫೋಟೋ ತೆಗೆದು, ವಿಳಾಸ ಬರೆದುಕೊಂಡು, ನಂಬರಿನ ರಸೀದಿ ಹರಿದು ಕೊಡುತ್ತಿದ್ದರು. ಮನೆಯ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು, ಒಣಗಿಸಿ, ಅಂಚೆಗೆ ಹಾಕುವುದು ನನ್ನ ಕೆಲಸ.

ಒಂದು ರೋಲಿಗೆ ಮೂವತ್ತಾರು ಫೋಟೋ. ಮೂವತ್ತಾರು ಮುಗಿದ ಹೊತ್ತಿಗೆ ಸರಿಯಾಗಿ ಡ್ರೈವರು ಹಾರ್ನು ಒತ್ತುತ್ತಿದ್ದ. ಹೊಸ ರೋಲು ಹಾಕುತ್ತಾ ಕೂತರೆ ಬಸ್ಸು ಹೊರಟೇಹೋಗುತ್ತದೆ. ಸಾಲಿನಲ್ಲಿ ನಿಂತು ಕಾದವರಿಗೆ ಇಲ್ಲ ಎನ್ನಲು ಇವರಿಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೆ ಖಾಲಿ ಕ್ಯಾಮೆರಾದಲ್ಲೇ ಫ್ಲ್ಯಾಶ್ ಹೊಡೆದು, ರಸೀದಿಯ ಮೂಲೆಗೆ ಒಂದು ಚುಕ್ಕೆ ಇಟ್ಟು ಕೊಡುತ್ತಿದ್ದರು. ರಸೀದಿ ಹಿಡಿದವರು ನಗುತ್ತಾ ಬಸ್ಸು ಹತ್ತುತ್ತಿದ್ದರು. ನಮ್ಮ ಬಳಿ ಉಳಿದ ಅಡಿಪ್ರತಿಯಲ್ಲೂ ಅದೇ ಚುಕ್ಕೆ. ಅದನ್ನು ನೋಡಿ ನಾನು ಒಂದು ಕಾರ್ಡು ಬರೆದು ಹಾಕಬೇಕು: ‘ನಿಮ್ಮ ಫಿಲ್ಮಿಗೆ ಬೆಳಕು ಬಿದ್ದು ಹಾಳಾಗಿದೆ. ಮತ್ತೆ ಬಂದಾಗ ಈ ಕಾರ್ಡು ತೋರಿಸಿ, ಬಿಟ್ಟಿಯಾಗಿ ತೆಗೆದುಕೊಡುತ್ತೇವೆ.’

ಹನ್ನೆರಡು ವರ್ಷ ಬರೆದೆ. ಒಬ್ಬರಾದರೂ ಕಾರ್ಡು ಹಿಡಿದುಕೊಂಡು ಬಂದದ್ದಿಲ್ಲ. ಎಲ್ಲೆಲ್ಲಿಂದಲೋ ಬಂದವರು, ಒಂದು ಫೋಟೋಗೆಂದು ಯಾರು ಮತ್ತೆ ಬರುತ್ತಾರೆ? ಹದಿಮೂರನೆಯ ವರ್ಷ ನಾನು ಬರೆಯುವುದನ್ನು ಬಿಟ್ಟೆ. ಇವರಿಗೆ ಹೇಳಲಿಲ್ಲ.

ಆ ಹೆಂಗಸು ಬಂದದ್ದು ಒಂದು ಬೆಳಿಗ್ಗೆ, ನಾನು ಫೋಟೋಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದಾಗ. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಕೈಯಲ್ಲಿ ತಗಡಿನ ಪೆಟ್ಟಿಗೆ. ಬಾಗಿಲಲ್ಲೇ ಅದನ್ನಿಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಡಿಸಿದ ಚೀಟಿಯೊಂದನ್ನು ಚಾಚಿದರು.

“ನಮ್ಮ ಹುಡುಗಿ ಫೋಟೋ ತಗೊಂಡು ಹೋಗೋಣ ಅಂತ ಬಂದೆ ಕಣಮ್ಮಾ. ಅಂಚೇಲಿ ಬರುತ್ತೆ ಅಂತ ಬರೆದಿದ್ಲು. ಆರು ತಿಂಗಳಾಯ್ತು, ಬರಲೇ ಇಲ್ಲ.”

ರಸೀದಿಯ ಮೂಲೆಯಲ್ಲಿ ಚುಕ್ಕೆ ಇತ್ತು.

“ಹುಡುಗಿ ಬರಲಿಲ್ವಾ ಅಮ್ಮಾ?” ಎಂದೆ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ್ದು.

“ಅವಳು ಹೋಗಿಬಿಟ್ಲು. ಇಲ್ಲೇ ಬಟ್ಟೆ ಹೊಲಿಯೋ ಫ್ಯಾಕ್ಟರೀಲಿದ್ಲು. ಐದು ದಿನ ಜ್ವರ. ಎರಡು ತಿಂಗಳಾಯ್ತು. ಆವತ್ತು ಬಂದಾಗ ಅವಳ ಈ ಪೆಟ್ಟಿಗೆ ಎತ್ಕೊಂಡು ಹೋಗೋಕೆ ಮನಸ್ಸೇ ಆಗ್ಲಿಲ್ಲ. ಈಗ ಬಂದೆ. ಒಳಗೆ ಈ ಚೀಟಿ ಇತ್ತು.” ಪೆಟ್ಟಿಗೆಯನ್ನು ಕಾಲಿನ ಹತ್ತಿರ ಎಳೆದುಕೊಂಡು ಹೇಳಿದರು: “ಹತ್ತು ವರ್ಷದವಳಿದ್ದಾಗ ಸ್ಕೂಲಲ್ಲಿ ತೆಗೆದ ಒಂದು ಫೋಟೋ ಬಿಟ್ರೆ ಇನ್ನೇನೂ ಇಲ್ಲಮ್ಮಾ. ಸೊಟ್ಟ ಮೂತಿ ಮಾಡ್ಕೊಂಡು ನಿಂತಿದಾಳೆ, ಹಲ್ಲುನೋವು ಆವತ್ತು. ಅವಳ ಮುಖ ನನಗೇ ಮರೆತು ಹೋಗ್ತಾ ಇದೆ. ಬೆಳಿಗ್ಗೆ ಎದ್ದ ತಕ್ಷಣ ನೆನಪು ಮಾಡ್ಕೋತೀನಿ, ಮೂಗು ಸಿಕ್ಕಿದ್ರೆ ಕಣ್ಣು ಸಿಕ್ಕಲ್ಲ.”

ಆಗಲೇ ಹೇಳಿಬಿಡಬೇಕಿತ್ತು. “ಫೋಟೋ ವಿಷಯ ನಮ್ಮ ಮನೆಯವರನ್ನೇ ಕೇಳ್ಬೇಕು. ಅವರು ಸಂಜೆ ಲೈಟ್‌ಹೌಸ್ ಹತ್ರ ಇರ್ತಾರೆ” ಎಂದೆ. ಸುಳ್ಳಲ್ಲ, ನಿಜವೂ ಅಲ್ಲ.

“ಹಾಗಾದ್ರೆ ಅಲ್ಲೀವರೆಗೂ ಅವಳು ನೋಡಿದ್ದೆಲ್ಲ ತೋರಿಸ್ತೀಯಾ ನನಗೆ?” ಎಂದು ಅವರು ಕುಪ್ಪಸದೊಳಗಿಂದ ಕಾಗದ ತೆಗೆದರು. ಮಗಳು ಬರೆದ ಕಾಗದ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. “ನನಗೆ ಓದೋಕೆ ಬರಲ್ಲ. ಪಕ್ಕದ ಮನೆಯೋಳು ಓದಿ ಓದಿ ಬಾಯಿಪಾಠ ಆಗಿದೆ. ಆದ್ರೂ ಅಲ್ಲಲ್ಲೇ ನಿಂತು ಓದಿ ಹೇಳಮ್ಮಾ.”

ಪೆಟ್ಟಿಗೆಯನ್ನು ನಮ್ಮ ಮೇಜಿನ ಕೆಳಗೆ ತಳ್ಳಿ ಇಬ್ಬರೂ ಹೊರಟೆವು.

ಆ ಊರಿನಲ್ಲೇ ಇಪ್ಪತ್ತು ವರ್ಷ ಇದ್ದ ನಾನೂ ಅದನ್ನೆಲ್ಲ ಬೇರೆಯವರ ಫೋಟೋಗಳಲ್ಲಿ ನೋಡಿದ್ದೇ ಹೆಚ್ಚು. ಬಂದರಿನಲ್ಲಿ ದೋಣಿ ಹತ್ತಿದೆವು. ಕಾಗದದಲ್ಲಿ ‘ದೋಣಿಯಲ್ಲಿ ನನಗೆ ವಾಂತಿ ಬಂತು, ಅಪ್ಪನಿಗೆ ಹೇಳಬೇಡ, ನಗುತ್ತಾನೆ’ ಎಂದಿತ್ತು. ಆ ಅಮ್ಮ ದೋಣಿಯ ಅಂಚು ಹಿಡಿದುಕೊಂಡು, ಇಲ್ಲೇ ಬಗ್ಗಿರಬೇಕು ಎನ್ನುವಂತೆ ನೀರನ್ನೇ ನೋಡುತ್ತಿದ್ದರು. ದೂರದಲ್ಲಿ ಹಡಗುಗಳು, ಬೆನ್ನಿಗೆ ಎತ್ತರದ ಕಟ್ಟಡಗಳ ಸಾಲು. ದೋಣಿಯವನು ಅದು ಇಷ್ಟು ಮಹಡಿ, ಇದು ಅಷ್ಟು ಮಹಡಿ ಎಂದು ಬಡಬಡಿಸುತ್ತಲೇ ಇದ್ದ.

ಅಕ್ವೇರಿಯಮ್ಮಿನಲ್ಲಿ ನಾನು ಓದಿದೆ: ‘ಇಲ್ಲಿ ಒಂದು ಮೀನು ಥೇಟ್ ನಮ್ಮ ಮಾವನ ಹಾಗೇ ಇದೆ. ಉಂಡು ಎದ್ದ ಮೇಲೆ ಮಾವ ಕೂರುತ್ತಾನಲ್ಲ, ಹಾಗೆ.’

ಅಮ್ಮ ಒಂದೊಂದು ಗಾಜಿನ ಮುಂದೆಯೂ ನಿಂತು ಹುಡುಕಿದರು. ಕೊನೆಯ ಸಾಲಿನಲ್ಲಿ, ತಳದ ಮರಳಿನ ಮೇಲೆ ದಪ್ಪ ತುಟಿ ಇಳಿಬಿಟ್ಟುಕೊಂಡು ಒಂದು ಮೀನು ಕೂತಿತ್ತು.

“ಅಯ್ಯೋ, ನನ್ನ ತಮ್ಮನೇ!” ಎಂದು ಎಷ್ಟು ಜೋರಾಗಿ ನಕ್ಕರೆಂದರೆ ಕಾವಲುಗಾರ ತಿರುಗಿ ನೋಡಿದ. “ಇದಕ್ಕೊಂದು ಬೀಡಿ ಕೊಟ್ರೆ ಮುಗೀತು.” ನಕ್ಕು ನಕ್ಕು ಹಣೆಯನ್ನು ಗಾಜಿಗೆ ಒತ್ತಿ ನಿಂತುಬಿಟ್ಟರು. ಆಮೇಲೆ ಗಾಜಿನ ಮೇಲಿನ ತೇವವನ್ನು ಸೆರಗಿನಿಂದ ಒರೆಸಿದರು. ಬೇರೆಯವರು ನೋಡಬೇಕಲ್ಲ, ಅದಕ್ಕೆ.

ಗುಡ್ಡದ ತುದಿಯ ಬಗ್ಗೆ ಕಾಗದದಲ್ಲಿದ್ದದ್ದು ಒಂದೇ ಸಾಲು: ‘ಗಾಳಿಗೆ ಕೂದಲೆಲ್ಲ ಕೆದರಿಹೋಯಿತು.’ ಅಲ್ಲಿಂದ ಕೆಳಗೆ ನೋಡಿದರೆ ಕೊಲ್ಲಿ ಇಡೀ ಕುಡುಗೋಲಿನ ಹಾಗೆ ಬಾಗಿ ಹೊಳೆಯುತ್ತಿತ್ತು. ಅಮ್ಮ ಅದನ್ನು ನೋಡಲೇ ಇಲ್ಲ. “ಫೋಟೋದಲ್ಲಿ ಕೂದಲು ಸರಿಯಾಗಿ ಬಂದಿರುತ್ತಾ? ಅವಳಿಗೆ ಕೂದಲು ಅಂದ್ರೆ ಜೀವ” ಎಂದು ಕೇಳಿದರು. ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ.

ಲೈಟ್‌ಹೌಸಿನ ಹತ್ತಿರ ನಾವು ಹೋದಾಗ ಒಂದು ಬಸ್ಸು ಆಗಷ್ಟೇ ಹೊರಟಿತ್ತು. ಇವರು ಕಲ್ಲಿನ ಮೇಲೆ ಕೂತು ರೋಲು ಬದಲಿಸುತ್ತಿದ್ದರು. ನಾನು ಮಾತು ತೆಗೆಯುವ ಮೊದಲೇ ಅಮ್ಮ ಮುಂದೆ ಹೋಗಿ ರಸೀದಿ ಕೊಟ್ಟರು. ಇವರು ಚುಕ್ಕೆ ನೋಡಿದರು, ನಗುನಗುತ್ತಲೇ ತಲೆಯೆತ್ತಿದರು.

“ಓಹೋ, ಕೊನೆಗೂ ಒಬ್ರು ಬಂದ್ರಲ್ಲಪ್ಪ! ಇವಳೇ, ಇದಕ್ಕೆ ಕಾರ್ಡು ಹಾಕಿದ್ದೆ ತಾನೆ? ಅಮ್ಮಾ, ಹುಡುಗೀನ ಕರ್ಕೊಂಡು ಬನ್ನಿ. ಒಂದಲ್ಲ, ಎರಡು ತೆಗೆದುಕೊಡ್ತೀನಿ, ಬಿಟ್ಟಿ.”

“ಯಾವ ಕಾರ್ಡು?” ಎಂದರು ಅಮ್ಮ.

ಆಮೇಲೆ ಹೇಳಿದೆ. ಖಾಲಿ ಫ್ಲ್ಯಾಶ್, ಚುಕ್ಕೆ, ಬರೆಯದೆ ಬಿಟ್ಟ ಕಾರ್ಡು, ಎಲ್ಲ. ಹುಡುಗಿ ತೀರಿಹೋದದ್ದನ್ನು ಇವರಿಗೂ ಅಲ್ಲೇ ಹೇಳಿದ್ದು. ಇವರು ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಕಲ್ಲಿನ ಮೇಲಿಟ್ಟರು.

ಅಮ್ಮ ಕೂಗಾಡಲಿಲ್ಲ. ಕಂಬಿ ಹಿಡಿದುಕೊಂಡು ಬಹಳ ಹೊತ್ತು ಲೆಕ್ಕ ಹಾಕುತ್ತಿದ್ದರು. “ಇದಾದ ಮೇಲೆ ನಾಲ್ಕು ತಿಂಗಳು ಇದ್ಲು” ಎಂದರು. “ಕಾರ್ಡು ನನ್ನ ಕೈಗೆ ಬಂದಿದ್ರೆ ನಾನು ಅವಳಿಗೆ ಬರೆಸ್ತಿದ್ದೆ. ಭಾನುವಾರ ಫ್ಯಾಕ್ಟರಿ ರಜೆ. ಇಲ್ಲಿಗೆ ಒಂದು ಗಂಟೆ ದಾರಿ. ಬಿಟ್ಟಿ ಅಂದ್ರೆ ಅವಳು ಓಡಿ ಬರ್ತಿದ್ಲು.”

ಇವರು ಆ ರಸೀದಿಯ ನಂಬರನ್ನು ಮತ್ತೊಮ್ಮೆ ನೋಡಿದರು.

ಆಮೇಲೆ ನನಗೆ ಮೆಲ್ಲಗೆ ಹೇಳಿದರು. “ಇದರ ಹಿಂದಿನ ನಂಬರು ನೋಡು. ಆ ರೋಲಿನ ಕೊನೇದು. ಇವಳಿಗಿಂತ ಮುಂದೆ ಇದ್ದೋರ ಫೋಟೋ ತೆಗೀವಾಗ ಸಾಲಲ್ಲಿ ನಿಂತೋರು ಹಿಂದೆ ಎಲ್ಲಾದ್ರೂ ಬಿದ್ದಿರ್ತಾರೆ.”

ಮನೆಗೆ ಬಂದು ಡಬ್ಬಿ ತೆಗೆದೆ. ನೆಗೆಟಿವ್‌ಗಳನ್ನು ಒಂದು ವರ್ಷ ಇಟ್ಟುಕೊಳ್ಳುವ ರೂಢಿ ನಮ್ಮದು. ಮೂವತ್ತಾರನೆಯದರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಕಂಬಿಗೆ ಒರಗಿ ನಿಂತಿತ್ತು. ಬಲಗಡೆಯ ಅಂಚಿನಲ್ಲಿ ಯಾರೋ ಇದ್ದರು. ನೆಗೆಟಿವ್‌ನಲ್ಲಿ ಎಲ್ಲ ಅದಲುಬದಲು: ಕೂದಲು ಬಿಳಿ, ಮುಖ ಕಪ್ಪು. ಅಮ್ಮ ಬೆಳಕಿಗೆ ಹಿಡಿದು ನೋಡಿ “ಇದ್ಯಾವ ದೆವ್ವ” ಎಂದರು. ತೊಳೆದೇ ನೋಡಬೇಕಿತ್ತು.

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಅವರು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತರು. ನಾನು ಫೋಟೋ ಕಾಗದ ಮುಳುಗಿಸಿದ ರಸಾಯನದ ತಟ್ಟೆಯನ್ನು ಅಲುಗಿಸುತ್ತಿದ್ದೆ. ಮೊದಲು ಕಂಬಿ ಮೂಡಿತು, ಆಮೇಲೆ ಗಂಡಿನ ಕೋಟು, ಹೆಣ್ಣಿನ ನಗು. ಕೊನೆಗೆ ಅಂಚಿನಲ್ಲಿ ಒಂದು ಹುಡುಗಿ. ತನ್ನ ಸರದಿಗೆ ತಯಾರಾಗುತ್ತಿದ್ದಳು. ಎರಡೂ ಕೈಯೆತ್ತಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಮೊಣಕೈ ಅಡ್ಡ ಬಂದು ಅರ್ಧ ಮುಖ ಮುಚ್ಚಿತ್ತು. ಕಂಡದ್ದು ಒಂದು ಕಣ್ಣು, ಮೂಗು, ತುಟಿಗಳ ನಡುವೆ ಕಚ್ಚಿ ಹಿಡಿದ ಎರಡು ಪಿನ್ನು.

“ಬಾಯಲ್ಲಿ ಪಿನ್ನು ಇಟ್ಕೋಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ,” ಎಂದರು ಅಮ್ಮ. “ನುಂಗಿಬಿಟ್ರೆ ಏನೇ ಗತಿ?”

ತಟ್ಟೆಯ ಮೇಲೆ ಬಾಗಿ, ಅದರೊಳಗಿದ್ದವಳಿಗೇ ಹೇಳಿದರು.

ದೊಡ್ಡದು ಮಾಡಿಕೊಡು ಎಂದರು. ಮಾಡಿದೆ. ದೊಡ್ಡದು ಮಾಡಿದಷ್ಟೂ ಹುಡುಗಿ ಒಡೆದುಹೋದಳು. ಸಾಸಿವೆ ಚೆಲ್ಲಿದ ಹಾಗೆ ಬರೀ ಕಪ್ಪು ಕಾಳುಗಳು, ಕಣ್ಣು ಯಾವುದು ಪಿನ್ನು ಯಾವುದು ತಿಳಿಯದು. ಮೂರು ಹಾಳೆ ಹಾಳು ಮಾಡಿದ ಮೇಲೆ ಅವರೇ “ಸಾಕು ಬಿಡು, ಸಣ್ಣದೇ ಇರಲಿ” ಎಂದರು. ಜೋಡಿಯನ್ನು ಕತ್ತರಿಸಿ ಹುಡುಗಿಯ ಭಾಗ ಮಾತ್ರ ಕೊಡಲೇ ಎಂದೆ. ಬೆರಳುಗುರಿನಷ್ಟು ಉಳಿಯುತ್ತಿತ್ತು. “ಬೇಡ. ಒಬ್ಬಳೇ ಆಗಿಬಿಡ್ತಾಳೆ” ಎಂದರು.

ಫೋಟೋ ಒಣಗುವವರೆಗೆ ಪೆಟ್ಟಿಗೆಯ ಮೇಲೆಯೇ ಕೂತಿದ್ದರು. ಆಮೇಲೆ “ಆ ಕಾರ್ಡನ್ನೂ ಕೊಡು” ಎಂದರು.

“ಈಗ ಯಾಕಮ್ಮಾ?”

“ನನಗೆ ಬರಬೇಕಾಗಿದ್ದಲ್ವಾ?”

ನಾನು ಕಾರ್ಡು ತೆಗೆದು ಬರೆಯಲು ಕೂತೆ. ‘ನಿಮ್ಮ ಫಿಲ್ಮಿಗೆ ಬೆಳಕು ಬಿದ್ದು’ ಎನ್ನುವಷ್ಟರಲ್ಲಿ, ಬರೆಯುತ್ತಾ ಬಾಯಲ್ಲಿ ಹೇಳಿಕೊಳ್ಳುವುದು ನನ್ನ ಅಭ್ಯಾಸ, ಅವರು ತಡೆದರು.

“ಬೆಳಕು ಎಲ್ಲಿ ಬಿತ್ತು? ಫಿಲ್ಮೇ ಇರಲಿಲ್ಲ ಅಂದ್ಯಲ್ಲ. ಇದ್ದದ್ದು ಬರಿ.”

ಹೊಸ ಕಾರ್ಡಿನಲ್ಲಿ ಇದ್ದದ್ದನ್ನೇ ಬರೆದೆ. ಫಿಲ್ಮು ಮುಗಿದಿತ್ತು, ನಿಮ್ಮ ಮಗಳ ಫೋಟೋ ತೆಗೆಯಲಿಲ್ಲ, ನಿಮಗೆ ತಿಳಿಸಲಿಲ್ಲ. ಮೂರೇ ಸಾಲು. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಮಗಳ ಕಾಗದದ ನಾಲ್ಕು ತುಂಡುಗಳ ಜೊತೆ ಮಡಿಸಿಟ್ಟುಕೊಂಡರು. ಹೋಗಿಬರುತ್ತೇನೆ ಎನ್ನಲಿಲ್ಲ. ಇವರು ಪೆಟ್ಟಿಗೆ ಹೊತ್ತು ಬಸ್ಸಿನವರೆಗೆ ಬಿಟ್ಟುಬಂದರು.

ಖಾಲಿ ಫ್ಲ್ಯಾಶ್ ಹೊಡೆಯುವುದನ್ನು ಇವರು ಬಿಟ್ಟರೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ತಿಂಗಳು ಬಿಟ್ಟಿದ್ದರು. ಆಮೇಲೆ ಹಾರ್ನು, ಸಾಲು, ಅದೇ ಕಥೆ. ಕಾರ್ಡು ಬರೆಯುವುದನ್ನು ನಾನು ಮತ್ತೆಂದೂ ಬಿಡಲಿಲ್ಲ. ಇವರು ಕ್ಯಾಮೆರಾ ಕೆಳಗಿಡುವವರೆಗೂ ಬರೆದೆ. ಒಬ್ಬರೂ ಮರಳಿ ಬರಲಿಲ್ಲ.

ಆ ಜೋಡಿಗೆ ಅವರ ಫೋಟೋ ಸಕಾಲಕ್ಕೆ ತಲುಪಿತ್ತು, ನಾನೇ ಅಂಚೆಗೆ ಹಾಕಿದ್ದೆ. ಎಲ್ಲೋ ಒಂದು ಮನೆಯ ಗೋಡೆಯ ಮೇಲೆ ಅದು ಇನ್ನೂ ಇರಬಹುದು. ಮಕ್ಕಳು, ಮೊಮ್ಮಕ್ಕಳು ಆಗಿರಬಹುದು. ಅವರಲ್ಲಿ ಯಾರಾದರೂ ಬೆರಳಿಟ್ಟು, ಈ ಅಂಚಿನಲ್ಲಿ ಕೂದಲು ಕಟ್ಟಿಕೊಳ್ಳುತ್ತಿರುವವಳು ಯಾರು ಎಂದು ಕೇಳಿದರೆ, ಯಾರೋ ಗೊತ್ತಿಲ್ಲ ಮಗಾ, ನಮ್ಮ ಹಿಂದೆ ನಿಂತಿದ್ದಳು ಎನ್ನುತ್ತಾರೆ.