ಅಕ್ಕನ ಸವತಿ

ನೀಲಿ, ಇಲ್ಲೂ ನೀಲಿಯೇ, ಮೈಕ್ರೋಸ್ಕೋಪಿನಡಿಯ ಗಾಜನ್ನು ಒಂದಿಷ್ಟು ಸರಿಸಿದರೆ ಅಲ್ಲೂ — ಎಲ್ಲೋ ಒಂದು ಚುಕ್ಕೆ ಕಂದು ಇರಲೇಬೇಕು, ಬಣ್ಣ ಕೆಟ್ಟಿರಬೇಕು, ಇಲ್ಲ, ಕೆಟ್ಟಿಲ್ಲ, ಪಕ್ಕದ ಗಾಜಿನಲ್ಲಿ ಬೇರೆ ರೋಗಿಯ ಗೆಡ್ಡೆ ಕಾಫಿ ಚೆಲ್ಲಿದ ಹಾಗೆ ಕಂದಾಗಿದೆ, ಅದೇ ಬಣ್ಣದ ಸೀಸೆ, ಅದೇ ಕೈ, ಕ್ಯಾನ್ಸರಿನ ಗುರುತಿನ ಪ್ರೋಟೀನ್ ಇದ್ದ ಕಡೆ ಕಂದು, ಇಲ್ಲದ ಕಡೆ ನೀಲಿ, ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳೇ ನಾನು, ಇದು ಅಕ್ಕನದು, ಅವಳ ಕರುಳಿನ ಗೆಡ್ಡೆಯಿಂದ ಕತ್ತರಿಸಿದ ಚೂರು ಲ್ಯಾಬಿನ ಇಲಿಯ ಪಕ್ಕೆಯ ಚರ್ಮದಡಿ ಬಟಾಣಿಯಷ್ಟಾಗಿ ಬೆಳೆದದ್ದು, ಆ ಇಲಿಯ ಬಗ್ಗೆಯೇ, ನನ್ನ ಗೆಡ್ಡೆಯಲ್ಲಿ ಪಾಲು ತಗೊಂಡವಳು ಸವತಿಯಲ್ಲದೆ ಇನ್ನೇನೇ ಎಂದಿದ್ದಳು, ಆಪರೇಷನ್ ಆದ ಹಾಸಿಗೆಯಲ್ಲೇ, ಹೊಲಿಗೆ ಎಳೆಯುತ್ತೆ ನಗಿಸಬೇಡ ಎಂದು ತಾನೇ ನಗಿಸುತ್ತಾ, ಆಮೇಲೆ ಫೋನ್ ಮಾಡಿದಾಗಲೆಲ್ಲ ಮೊದಲು ಅದೇ, ನನ್ನ ಸವತಿ ಹೇಗಿದ್ದಾಳೆ, ಚೆನ್ನಾಗಿ ತಿಂತಾಳಾ, ತಿಂತಾಳೆ ಅಂತಲೇ ಹೇಳುತ್ತಿದ್ದೇನೆ, ಇಲಿಯನ್ನು ಹೋದ ವಾರವೇ ಶಾಶ್ವತವಾಗಿ ಮಲಗಿಸಿ ಗೆಡ್ಡೆ ತೆಗೆದೆ ಅಂತ ಹೇಳಲು ಬಾಯಿ ಬರಲಿಲ್ಲ — ರಕ್ತದಲ್ಲಿ ಆ ಪ್ರೋಟೀನ್ ಏರಿದರೆ ಗೆಡ್ಡೆ ಮರಳಿದೆ, ಏರದಿದ್ದರೆ ನಿಶ್ಚಿಂತೆ, ಇದನ್ನೂ ನಾನೇ ಹೇಳಿದ್ದು, ಸ್ಕ್ಯಾನ್ ಯಂತ್ರದೊಳಗೆ ಅವಳಿಗೆ ಉಸಿರು ಕಟ್ಟುತ್ತದೆ, ಅದೊಂದು ಬೇಡ ಕಣೆ ಎಂದು ಕೈ ಹಿಡಿದುಕೊಂಡಳು, ಡಾಕ್ಟರು ಮಾಡಿಸಿ ಅಂದರೂ ನಾನೇ ಅಡ್ಡಬಾಯಿ ಹಾಕಿದೆ, ರಕ್ತಪರೀಕ್ಷೆ ಸಾಕು, ಸ್ಕ್ಯಾನ್ ಮುಂದಕ್ಕೆ ಹಾಕೋಣ, ಮನೆಯಲ್ಲೇ ವಿಜ್ಞಾನಿ ಇರುವಾಗ ನಮಗೇನು ಚಿಂತೆ ಅಂದರು ಭಾವ, ನನಗೋ ಕೋಡು ಮೂಡಿತು, ಹೊಟ್ಟೆ ಹಿಡಿದುಕೊಳ್ಳುತ್ತೆ ಅಂದಳು ಅಕ್ಕ, ಗ್ಯಾಸು ಅಂದುಬಿಟ್ಟೆ.

ಆಪರೇಷನ್ನಿಗೆ ಮುಂಚಿನ ರಕ್ತದ ರಿಪೋರ್ಟು — ಅದೂ ಸರಿಯಿತ್ತಲ್ಲ, ಗೆಡ್ಡೆ ನಿಂಬೆಹಣ್ಣಿನಷ್ಟು ದಪ್ಪವಾಗಿ ಒಳಗೆ ಕೂತಿದ್ದಾಗಲೂ ಅಂಕಿ ಸರಿಯಿತ್ತು, ಅವತ್ತು ನಾನು ಖುಷಿಪಟ್ಟೆ, ಬೇರೆ ಯಾರದ್ದೋ ಆಗಿದ್ದರೆ ತಕ್ಷಣ ಕೇಳುತ್ತಿದ್ದೆ, ಗೆಡ್ಡೆ ಇದ್ದಾಗಲೇ ಏರದ ಅಂಕಿ ಅದು ಮರಳಿ ಬಂದರೆ ಏರುತ್ತದಾ ಅಂತ, ಅಕ್ಕನದಾದ್ದರಿಂದ ಕೇಳಲಿಲ್ಲ, ಅಷ್ಟು ಓದಿ ಏನು ಬಂತು, ಈ ಗೆಡ್ಡೆ ಆ ಪ್ರೋಟೀನನ್ನು ಮಾಡುವುದೇ ಇಲ್ಲ, ಇಷ್ಟು ದಿನದ ಒಳ್ಳೆಯ ರಿಪೋರ್ಟುಗಳೆಲ್ಲ ಏನನ್ನೂ ಹೇಳಿರಲೇ ಇಲ್ಲ — ಮೇಜಿನ ಮೇಲೆ ಫೋನ್ ನಡುಗುತ್ತಿದೆ, ಅಕ್ಕನೇ, ಈ ಸಲದ ರಿಪೋರ್ಟೂ ನಾರ್ಮಲ್ ಕಣೆ, ನಿನ್ನ ಬಾಯಿಗೆ ಸಕ್ಕರೆ ಹಾಕ, ಗ್ಯಾಸು ಮಾತ್ರ ಬಿಡ್ತಿಲ್ಲ, ರಾತ್ರಿಯೆಲ್ಲ ಕೂತೇ ಇದ್ದೆ, ಅಕ್ಕಾ ನಾಳೆ ಸ್ಕ್ಯಾನ್ ಮಾಡಿಸೋಣ, ನಾನೂ ಬರ್ತೀನಿ, ಯಾಕೆ, ನಾರ್ಮಲ್ ಅಂದೆನಲ್ಲ, ಸುಮ್ಮನೆ ಅಕ್ಕಾ, ಸುಮ್ಮನೆ ಯಾರಾದ್ರೂ ಅದರೊಳಗೆ ಮಲಗ್ತಾರಾ, ನನ್ನ ಸವತಿ ಹೇಗಿದ್ದಾಳೆ, ಈ ಸಲ ಅವಳು ನಗುತ್ತಿಲ್ಲ — ಕಣ್ಣು ಮತ್ತೆ ಗಾಜಿಗೆ ಹೋಗುತ್ತದೆ, ಕಂದು, ಎಲ್ಲಾದರೂ ಒಂದು ಚುಕ್ಕೆ, ಈ ಮೂಲೆಯಲ್ಲಾದರೂ — ನೀಲಿ, ಆ ಮೂಲೆ — ನೀಲಿ